ಮೊದಲ ವಾರದ ಅಂಕಿ ಕೊನೆಯ ಮಾತಲ್ಲ

ಇಂದಿನ ಯುಗವನ್ನು ಅಂಕಿ-ಸಂಖ್ಯೆಗಳ ಯುಗವೆಂದು ಕರೆದರೆ ತಪ್ಪಾಗಲಾರದು. ಬೆಳಿಗ್ಗೆ ಎದ್ದು ವೃತ್ತಪತ್ರಿಕೆಯನ್ನು ಬಿಡಿಸಿದರೆ ಅಂಕಿ, ಕೈಯಲ್ಲಿಯ ಮೊಬೈಲನ್ನು ತೆರೆದರೆ ಅಂಕಿ. ಚಲನಚಿತ್ರವೊಂದು ಮೊದಲ ದಿನವೇ ಎಷ್ಟು ಕೋಟಿ ಗಳಿಸಿತು, ಹೊಸ ಮೊಬೈಲು ಎಷ್ಟು ನಿಮಿಷಗಳಲ್ಲಿ ಖರ್ಚಾಯಿತು ಎಂಬ ಸುದ್ದಿ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯ ಮೇಲಿರುವ ನಮ್ಮ ವಳಸಂಗಕ್ಕೂ ಕ್ಷಣಾರ್ಧದಲ್ಲಿ ತಲುಪುತ್ತದೆ. ಈ ಅಂಕಿಗಳನ್ನು ಓದಲು ನಮಗೆ ಬರುತ್ತದೆ. ಆದರೆ ಅವುಗಳ ಅರ್ಥವನ್ನು ತಿಳಿಯಲು ಬರುತ್ತದೆಯೇ? ಇದೇ ನಮ್ಮ ಇಂದಿನ ಪ್ರಶ್ನೆ.

ಇದಕ್ಕೆ ನಾವು ಉದಾಹರಣೆಯಾಗಿ ಆರಿಸಿಕೊಂಡಿರುವುದು ವಿದ್ಯಾರ್ಥಿ ಮಿತ್ರರಿಗೆ ಅತ್ಯಂತ ಪ್ರಿಯವಾದ ವಿಷಯವನ್ನು: ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರಗಳನ್ನು. ಇವುಗಳಿಗೆ ಕನ್ಸೋಲ್ ಎಂದು ಹೆಸರು. ಮನೆಯಲ್ಲಿ ಆಡುವ ಮೊದಲ ಕನ್ಸೋಲ್ 'ಮ್ಯಾಗ್ನಾವಾಕ್ಸ್ ಒಡಿಸ್ಸಿ' ಅಮೇರಿಕೆಯಲ್ಲಿ 1972ರಲ್ಲಿ ಮಾರಾಟಕ್ಕೆ ಬಂದಿತು. ಅಂದಿನಿಂದ ಇಂದಿನ ವರೆಗೆ ಪ್ರತಿಯೊಂದು ಹೊಸ ಯಂತ್ರ ಬಂದಾಗಲೂ ಮೊದಲ ವಾರದ ಮಾರಾಟದ ಪಟ್ಟಿಯನ್ನು ಹಿಡಿದು "ಇದು ಗೆದ್ದಿತು, ಅದು ಸೋತಿತು" ಎಂದು ತೀರ್ಪು ಕೊಡುವವರಿಗೆ ಕೊರತೆಯಾಗಿಲ್ಲ. ಜಪಾನಿನಲ್ಲಿ 'ಫಾಮಿತ್ಸು' ಎಂಬ ಪತ್ರಿಕೆ ವಾರವಾರವೂ ಇಂಥ ಪಟ್ಟಿಯನ್ನು ಪ್ರಕಟಿಸುತ್ತದೆ. ಅಮೇರಿಕೆಯಲ್ಲಿ 'ಎನ್.ಪಿ.ಡಿ.' ಎಂಬ ಸಂಸ್ಥೆ ತಿಂಗಳ ಪಟ್ಟಿಯನ್ನು ಕೊಡುತ್ತಿತ್ತು. ಅದಕ್ಕೆ 2023ರಿಂದ 'ಸರ್ಕಾನಾ' ಎಂಬ ಹೊಸ ಹೆಸರು ಬಂದಿದೆ. ಈ ಪಟ್ಟಿಗಳು ಸುಳ್ಳೇನಲ್ಲ. ಆದರೆ ಅಂಕಿಯು ಸಂಕೋಚದ ಸಾಕ್ಷಿದಾರನಿದ್ದಂತೆ. ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಆದ್ದರಿಂದ ಕೇಳುವವರು ಸರಿಯಾಗಿ ಕೇಳಬೇಕು. ಹಾಗೆ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯ ಪ್ರಶ್ನೆ: ಮಾರಿದ್ದು ಯಾರಿಗೆ?

ನಮ್ಮ ಊರಿನ ಕಿರಾಣಿ ಅಂಗಡಿಯನ್ನು ನೆನಪಿಗೆ ತಂದುಕೊಳ್ಳಿರಿ. ಸೊಲ್ಲಾಪುರದ ಸಗಟು ವ್ಯಾಪಾರಿ ನೂರು ಡಬ್ಬಿ ಬಿಸ್ಕೀಟುಗಳನ್ನು ಅಂಗಡಿಗೆ ಇಳಿಸಿ ಹೋದನೆನ್ನಿ. ಅವನ ವಹಿಯಲ್ಲಿ ನೂರು ಡಬ್ಬಿ ಮಾರಾಟವಾದಂತೆಯೇ. ಆದರೆ ಅಂಗಡಿಕಾರನಿಂದ ಮನೆಗಳಿಗೆ ಹೋದದ್ದು ಮೂವತ್ತೇ ಇರಬಹುದು. ಉಳಿದ ಎಪ್ಪತ್ತು ಮಾಡಿನಲ್ಲಿ ಧೂಳು ಹಿಡಿಯುತ್ತ ಕುಳಿತಿರಬಹುದು. ಮುಂದಿನ ತಿಂಗಳು ಸಗಟು ವ್ಯಾಪಾರಿ ಬಂದರೆ "ಇನ್ನೂ ಹಳೆಯದೇ ಖರ್ಚಾಗಿಲ್ಲ" ಎಂಬ ಉತ್ತರ ಸಿಗುತ್ತದೆ. ಕನ್ಸೋಲುಗಳ ಲೆಕ್ಕವೂ ಹೀಗೆಯೇ. ಕಾರ್ಖಾನೆಯಿಂದ ಅಂಗಡಿಗಳಿಗೆ ಹೋದದ್ದು ಒಂದು ಲೆಕ್ಕ, ಅಂಗಡಿಯಿಂದ ಮನೆಗೆ ಹೋದದ್ದು ಇನ್ನೊಂದು ಲೆಕ್ಕ. ತಯಾರಕರು ತಮ್ಮ ವರದಿಗಳಲ್ಲಿ ಹೆಚ್ಚಾಗಿ ಮೊದಲನೆಯ ಲೆಕ್ಕವನ್ನೇ ಹೇಳುತ್ತಾರೆ.

ಈ ಭೇದವನ್ನು ಮರೆತುದರ ಫಲವನ್ನು ಕಂಡವರು ಅಮೇರಿಕೆಯ 'ಅಟಾರಿ' ಕಂಪನಿಯವರು. 1982ರಲ್ಲಿ 'ಇ.ಟಿ.' ಎಂಬ ಚಲನಚಿತ್ರ ಜಗತ್ತಿನಾದ್ಯಂತ ಹೆಸರಾಯಿತು. ಅದರ ಮೇಲೊಂದು ಆಟವನ್ನು ಕ್ರಿಸ್‌ಮಸ್ಸಿನ ಒಳಗೆ ಮಾರುಕಟ್ಟೆಗೆ ತರಬೇಕೆಂಬ ಅವಸರದಲ್ಲಿ ಹೊವರ್ಡ್ ಸ್ಕಾಟ್ ವಾರ್ಶಾ ಎಂಬವರಿಂದ ಸುಮಾರು ಐದೇ ವಾರಗಳಲ್ಲಿ ಆಟವನ್ನು ಸಿದ್ಧಪಡಿಸಲಾಯಿತು. ಸುಮಾರು 40 ಲಕ್ಷ ಕ್ಯಾಸೆಟ್ಟುಗಳು ತಯಾರಾದವು. ಆರಂಭದಲ್ಲಿ ಅದು ಹೆಚ್ಚು ಮಾರಾಟವಾಗುವ ಆಟಗಳ ಪಟ್ಟಿಯಲ್ಲಿ ಮೇಲಿನ ಸ್ಥಾನದಲ್ಲಿಯೇ ಇತ್ತು. ಆದರೆ ಆಡಿ ನೋಡಿದ ಮಕ್ಕಳಿಗೆ ಆಟ ಹಿಡಿಸಲಿಲ್ಲ. ಅಂಗಡಿಗಳಲ್ಲಿ ಮಾಲು ಉಳಿಯಿತು, ಬಹಳಷ್ಟು ಹಿಂದಿರುಗಿಯೂ ಬಂದಿತು. 1983ರಲ್ಲಿ ಅಟಾರಿಯವರು ಖರ್ಚಾಗದ ತಮ್ಮ ಹಲವು ಬಗೆಯ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೊರ್ಡೋ ಎಂಬ ಊರಿನ ಕಸದ ತಗ್ಗಿನಲ್ಲಿ ಹುಗಿಸಿದರು. 2014ರಲ್ಲಿ ಆ ತಗ್ಗನ್ನು ಅಗೆದಾಗ ಬೇರೆ ಆಟಗಳೊಡನೆ 'ಇ.ಟಿ.' ಆಟದ ಕ್ಯಾಸೆಟ್ಟುಗಳೂ ಸಿಕ್ಕವು. ಪಟ್ಟಿಯ ಮೇಲ್ಭಾಗದಲ್ಲಿದ್ದುದು ಕೆಲವೇ ತಿಂಗಳುಗಳಲ್ಲಿ ಮಣ್ಣಿನ ಕೆಳಗೆ ಹೋಗಿತ್ತು!

ಎರಡನೆಯ ಪ್ರಶ್ನೆ: ಎಷ್ಟು ದಿನಗಳಲ್ಲಿ? ಎಲ್ಲೆಲ್ಲಿ?

ಇಲ್ಲಿ ಒಂದು ಸಣ್ಣ ಗಣಿತವನ್ನು ಮಾಡೋಣ. ಜಪಾನಿನ ನಿಂಟೆಂಡೋ ಕಂಪನಿ 2012ರ ನವೆಂಬರ್ 18ರಂದು 'ವೀ ಯೂ' ಎಂಬ ಕನ್ಸೋಲನ್ನು ಹೊರತಂದಿತು. ಆ ವರ್ಷದ ಡಿಸೆಂಬರ್ 31ರ ವರೆಗೆ 30 ಲಕ್ಷ 60 ಸಾವಿರ ಯಂತ್ರಗಳನ್ನು ಕಳಿಸಿದುದಾಗಿ ವರದಿ ಮಾಡಿತು. ಅದೇ ಕಂಪನಿ 2017ರ ಮಾರ್ಚ್ 3ರಂದು 'ಸ್ವಿಚ್' ಎಂಬ ಕನ್ಸೋಲನ್ನು ತಂದಿತು. ಮಾರ್ಚ್ 31ರ ವರೆಗೆ ಹೋದವು 27 ಲಕ್ಷ 40 ಸಾವಿರ. ಮೊದಲ ವರದಿಯಷ್ಟನ್ನೇ ನೋಡಿದರೆ ವೀ ಯೂ ಮುಂದು, ಸ್ವಿಚ್ ಹಿಂದು.

ಈಗ ದಿನಗಳನ್ನು ಎಣಿಸಿರಿ. ವೀ ಯೂಗೆ ಸಿಕ್ಕವು 44 ದಿನಗಳು. ಸ್ವಿಚ್‌ಗೆ 29 ದಿನಗಳು. ಭಾಗಿಸಿ ನೋಡಿದರೆ ವೀ ಯೂ ದಿನಕ್ಕೆ ಸುಮಾರು 69,500, ಸ್ವಿಚ್ ದಿನಕ್ಕೆ ಸುಮಾರು 94,500. ಸ್ಥಾನ ಅದಲುಬದಲಾಯಿತಲ್ಲವೇ? ಇಷ್ಟಕ್ಕೇ ನಿಲ್ಲಬಾರದು. ವೀ ಯೂ ಮಾರಾಟವಾದದ್ದು ಕ್ರಿಸ್‌ಮಸ್ಸಿನ ಸುಗ್ಗಿಯ ಕಾಲದಲ್ಲಿ. ಸ್ವಿಚ್ ಬಂದದ್ದು ಹಬ್ಬವಿಲ್ಲದ ಮಾರ್ಚ್ ತಿಂಗಳಿನಲ್ಲಿ. ಇದು ಸ್ವಿಚ್‌ನ ಪರವಾದ ಮಾತು. ಇನ್ನೊಂದು ಕಡೆಗೆ, ವೀ ಯೂ ಎಲ್ಲ ದೇಶಗಳಲ್ಲಿ ಒಂದೇ ದಿನ ಬರಲಿಲ್ಲ. ಯುರೋಪಿಗೆ ನವೆಂಬರ್ 30ರಂದು, ಜಪಾನಿಗೆ ಡಿಸೆಂಬರ್ 8ರಂದು ಬಂದಿತು. ಇದು ವೀ ಯೂನ ಪರವಾದ ಮಾತು. ನ್ಯಾಯವಾಗಿ ತೂಗಬೇಕೆಂದರೆ ಎರಡೂ ಮಾತುಗಳನ್ನು ತಕ್ಕಡಿಗೆ ಹಾಕಬೇಕು. ಕೊನೆಗೆ ಆದುದೇನು? ವೀ ಯೂ ತನ್ನ ಜೀವಮಾನದಲ್ಲಿ ಮುಟ್ಟಿದ್ದು 1 ಕೋಟಿ 35 ಲಕ್ಷ 60 ಸಾವಿರ ಮಾತ್ರ. ಸ್ವಿಚ್ 15 ಕೋಟಿಯನ್ನು ದಾಟಿ ನಡೆಯಿತು.

ಸ್ಥಳದ ಲೆಕ್ಕವೂ ಇಷ್ಟೇ ಮುಖ್ಯ. 2013ರ ನವೆಂಬರಿನಲ್ಲಿ ಸೋನಿ ಕಂಪನಿಯ 'ಪ್ಲೇಸ್ಟೇಷನ್ 4' ಮತ್ತು ಮೈಕ್ರೋಸಾಫ್ಟ್ ಕಂಪನಿಯ 'ಎಕ್ಸ್‌ಬಾಕ್ಸ್ ಒನ್' ಒಂದು ವಾರದ ಅಂತರದಲ್ಲಿ ಬಂದವು. ಇಬ್ಬರೂ "24 ಗಂಟೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು" ಎಂದು ಸಾರಿದರು. ಕೇಳಿದವರಿಗೆ ಇಬ್ಬರೂ ಸರಿಸಮಾನರೆಂದು ತೋರಿತು. ಆದರೆ ಸೋನಿಯವರ ಹತ್ತು ಲಕ್ಷ ಅಮೇರಿಕೆ ಮತ್ತು ಕೆನಡಾ ಎಂಬ ಎರಡು ದೇಶಗಳದು. ಮೈಕ್ರೋಸಾಫ್ಟಿನವರ ಹತ್ತು ಲಕ್ಷ ಹದಿಮೂರು ದೇಶಗಳದು. ಎರಡು ಎಕರೆಯಲ್ಲಿ ಹತ್ತು ಚೀಲ ಬೆಳೆದವನೂ ಹದಿಮೂರು ಎಕರೆಯಲ್ಲಿ ಹತ್ತು ಚೀಲ ಬೆಳೆದವನೂ ಸಮಾನರೆಂದು ನಮ್ಮ ಯಾವ ರೈತನೂ ಒಪ್ಪಲಾರನು. ಹೊಲದ ಲೆಕ್ಕದಲ್ಲಿ ಇಷ್ಟು ಜಾಣರಾದ ನಾವು ಜಾಹೀರಾತಿನ ಲೆಕ್ಕದಲ್ಲಿ ಏಕೆ ಮರುಳಾಗಬೇಕು?

ಮೂರನೆಯ ಪ್ರಶ್ನೆ: ಮಾಲು ಎಷ್ಟು ಇತ್ತು?

'ಪ್ಲೇಸ್ಟೇಷನ್ 5' ನಮ್ಮ ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. ಅದರ ಬೆಲೆ ಆಗ 49,990 ರೂಪಾಯಿ. ಮುಂಗಡ ನೋಂದಣಿ ಆರಂಭವಾದ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಯಿತೆಂಬ ಸುದ್ದಿ ದೇಶದ ತುಂಬ ಹಬ್ಬಿತು. ಆದರೆ ಮುಗಿದುಹೋದದ್ದು ಎಷ್ಟು? ಹತ್ತು ಇಡ್ಲಿ ಮಾಡಿದ ಹೋಟೆಲಿನಲ್ಲಿಯೂ "ಇಡ್ಲಿ ಮುಗಿದವು" ಎಂಬ ಹಲಗೆ ತೂಗಬಹುದು, ಸಾವಿರ ಇಡ್ಲಿ ಮಾಡಿದ ಹೋಟೆಲಿನಲ್ಲಿಯೂ ಅದೇ ಹಲಗೆ ತೂಗಬಹುದು. ಆ ಕಾಲದಲ್ಲಿ ಜಗತ್ತಿನಾದ್ಯಂತ ಎಲೆಕ್ಟ್ರಾನಿಕ್ ಚಿಪ್ಪುಗಳ ಅಭಾವವಿತ್ತು. ಬೇಡಿದಷ್ಟು ಯಂತ್ರಗಳನ್ನು ಮಾಡುವುದು ಸಾಧ್ಯವಿರಲಿಲ್ಲ. ಅಂಥ ಸಮಯದಲ್ಲಿ ಮಾರಾಟದ ಪಟ್ಟಿ ಜನರ ಬಯಕೆಯನ್ನು ಅಳೆಯುವುದಿಲ್ಲ, ಕಾರ್ಖಾನೆಯ ಶಕ್ತಿಯನ್ನು ಅಳೆಯುತ್ತದೆ. ಕೊರತೆಯಿದ್ದಲ್ಲಿ ಕಾಳಸಂತೆ ಹುಟ್ಟುತ್ತದೆ. ಆಡಬೇಕೆಂದಲ್ಲ, ಹೆಚ್ಚಿನ ಬೆಲೆಗೆ ಮಾರಬೇಕೆಂದು ಕೊಳ್ಳುವವರೂ ಅದೇ ಪಟ್ಟಿಯಲ್ಲಿ ಸೇರಿಕೊಳ್ಳುತ್ತಾರೆ.

ನಾಲ್ಕನೆಯ ಪ್ರಶ್ನೆ: ಮೊದಲು ಕೊಂಡವರು ಯಾರು?

ಸೊಲ್ಲಾಪುರದಲ್ಲಿ ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ನಡೆಯುತ್ತದೆ. ಜಾತ್ರೆಯ ದಿನ ಬೆಂಡು-ಬತ್ತಾಸಿನ ಅಂಗಡಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಆ ಒಂದು ದಿನದ ಗಲ್ಲಾಪೆಟ್ಟಿಗೆಯನ್ನು ಎಣಿಸಿ 365ರಿಂದ ಗುಣಿಸಿ "ನನ್ನ ವರ್ಷದ ಆದಾಯ ಇಷ್ಟು" ಎಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ. ಜಾತ್ರೆಗೆ ಬರುವವರು ಮೊದಲೇ ನಿಶ್ಚಯಿಸಿ ಬಂದವರು. ಹೊಸ ಕನ್ಸೋಲಿನ ಮೊದಲ ದಿನವೂ ಒಂದು ಜಾತ್ರೆಯೇ. ಆ ದಿನ ಸಾಲಿನಲ್ಲಿ ನಿಲ್ಲುವವರು ವರ್ಷಗಟ್ಟಲೆ ಕಾದಿದ್ದ ಅಭಿಮಾನಿಗಳು. ಸಾಮಾನ್ಯ ಸಂಸಾರಸ್ಥರು ಬರುವುದು ಆಮೇಲೆ.

'ಸೆಗಾ' ಕಂಪನಿಯ 'ಡ್ರೀಮ್‌ಕಾಸ್ಟ್' ಎಂಬ ಕನ್ಸೋಲ್ ಅಮೇರಿಕೆಯಲ್ಲಿ ಬಿಡುಗಡೆಯಾದದ್ದು 1999ರ ಸೆಪ್ಟೆಂಬರ್ 9ರಂದು. ಒಂದೇ ದಿನದಲ್ಲಿ ಸುಮಾರು 9 ಕೋಟಿ 84 ಲಕ್ಷ ಡಾಲರುಗಳ ವ್ಯಾಪಾರವಾಯಿತು. ಎಂಥ ಆರಂಭ! ಆದರೆ ಆ ಕಂಪನಿ ಹಿಂದಿನ ನಷ್ಟಗಳಿಂದ ಸೊರಗಿತ್ತು. ಕ್ರೀಡೆಯ ಆಟಗಳಿಗೆ ಹೆಸರಾದ 'ಎಲೆಕ್ಟ್ರಾನಿಕ್ ಆರ್ಟ್ಸ್' ಸಂಸ್ಥೆ ಅದಕ್ಕಾಗಿ ಆಟಗಳನ್ನು ಮಾಡಿಕೊಡಲಿಲ್ಲ. 2000ದಲ್ಲಿ ಡಿವಿಡಿ ಚಿತ್ರಗಳನ್ನೂ ತೋರಿಸಬಲ್ಲ 'ಪ್ಲೇಸ್ಟೇಷನ್ 2' ಎದುರಿಗೆ ಬಂದು ನಿಂತಿತು. 2001ರಲ್ಲಿ ಸೆಗಾ ಡ್ರೀಮ್‌ಕಾಸ್ಟಿನ ತಯಾರಿಕೆಯನ್ನು ನಿಲ್ಲಿಸಿ ಕನ್ಸೋಲ್ ಮಾಡುವ ವ್ಯವಸಾಯದಿಂದಲೇ ಹೊರಬಿದ್ದಿತು. ಒಟ್ಟು ಹೋದವು ಸುಮಾರು 91 ಲಕ್ಷ. ಎದುರಾಳಿಯಾದ ಪ್ಲೇಸ್ಟೇಷನ್ 2 ಹದಿನೈದು ಕೋಟಿಯನ್ನೂ ಮೀರಿತು. ನಮ್ಮ ಹಿರಿಯರು 'ಆರಂಭಶೂರತ್ವ' ಎಂಬ ಮಾತನ್ನು ಸುಮ್ಮನೆ ಹುಟ್ಟಿಸಲಿಲ್ಲ.

ಆದ್ದರಿಂದ ಮೊದಲ ವಾರಕ್ಕಿಂತ ಎರಡನೆಯ ವಾರವನ್ನು, ಎರಡನೆಯದಕ್ಕಿಂತ ಹತ್ತನೆಯದನ್ನು ನೋಡುವುದು ಲೇಸು. ವೀ ಯೂನ ಮಾತನ್ನೇ ತೆಗೆದುಕೊಳ್ಳಿರಿ. ಮೊದಲ ವರದಿಯಲ್ಲಿ 30 ಲಕ್ಷ 60 ಸಾವಿರ ಇದ್ದುದು ಮುಂದಿನ ಮೂರು ತಿಂಗಳುಗಳಲ್ಲಿ 3 ಲಕ್ಷ 90 ಸಾವಿರಕ್ಕೆ, ಅದರ ಮುಂದಿನ ಮೂರು ತಿಂಗಳುಗಳಲ್ಲಿ 1 ಲಕ್ಷ 60 ಸಾವಿರಕ್ಕೆ ಇಳಿಯಿತು. ಆ ಯಂತ್ರದ ನಿಜವಾದ ಕಥೆಯನ್ನು ಹೇಳಿದ್ದು ಈ ಇಳಿತವೇ ಹೊರತು ಮೊದಲ ಅಂಕಿಯಲ್ಲ.

"ಹಾಗಾದರೆ ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಸುಳ್ಳೇ?" ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ. ಆರಂಭದ ಅಂಕಿಗೆ ಬೆಲೆಯೇ ಇಲ್ಲವೆಂಬುದು ನಮ್ಮ ವಾದವೂ ಅಲ್ಲ. ಮೊಳಕೆಯನ್ನು ನೋಡಿ ಬೆಳೆಯನ್ನು ಊಹಿಸಬಹುದು. ಆದರೆ ಮೊಳಕೆ ಬಾಡಿದ್ದರೆ ಒಕ್ಕಲಿಗನು ಹೊಲವನ್ನು ಬಿಟ್ಟು ಓಡುವುದಿಲ್ಲ, ನೀರು ಹಾಯಿಸುತ್ತಾನೆ. ಆರಂಭದ ಅಂಕಿಯು ಎಚ್ಚರಿಕೆ, ತೀರ್ಪಲ್ಲ.

ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. 2011ರ ಫೆಬ್ರುವರಿ 26ರಂದು ನಿಂಟೆಂಡೋ ಕಂಪನಿ '3ಡಿ.ಎಸ್.' ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿತು. ಮಾರ್ಚ್ ಕೊನೆಯ ವರೆಗೆ 36 ಲಕ್ಷ 10 ಸಾವಿರ ಹೋದವು. ಆದರೆ ಮುಂದಿನ ಮೂರು ತಿಂಗಳುಗಳಲ್ಲಿ ಹೋದದ್ದು 7 ಲಕ್ಷ 10 ಸಾವಿರ ಮಾತ್ರ. "ಇನ್ನು ಕೈಯಲ್ಲಿ ಹಿಡಿಯುವ ಆಟದ ಯಂತ್ರಗಳ ಕಾಲ ಮುಗಿಯಿತು, ಎಲ್ಲವನ್ನೂ ಮೊಬೈಲು ನುಂಗಿತು" ಎಂದು ಹೇಳುವವರು ಹೆಚ್ಚಿದರು. ಕಂಪನಿಯವರು ಅಂಕಿಯನ್ನು ಮುಚ್ಚಿಡಲಿಲ್ಲ, ಎದೆಗುಂದಲೂ ಇಲ್ಲ. ಬಂದು ಆರು ತಿಂಗಳೂ ಆಗಿರದ ಯಂತ್ರದ ಬೆಲೆಯನ್ನು ಆಗಸ್ಟ್ ತಿಂಗಳಿನಲ್ಲಿ 25,000 ಯೆನ್‌ಗಳಿಂದ 15,000 ಯೆನ್‌ಗಳಿಗೆ ಇಳಿಸಿದರು. ಅಧ್ಯಕ್ಷರಾಗಿದ್ದ ಸತೋರು ಇವಾತಾ ಅವರು ತಮ್ಮ ಸಂಬಳದಲ್ಲಿ ಅರ್ಧವನ್ನು ಕಡಿಮೆ ಮಾಡಿಕೊಂಡರು. ವರ್ಷ ಮುಗಿಯುವುದರೊಳಗೆ ಮಾರಿಯೋನ ಎರಡು ಹೊಸ ಆಟಗಳನ್ನು ಕೊಟ್ಟರು. ಆ ಯಂತ್ರದ ಒಟ್ಟು ಮಾರಾಟ ಕೊನೆಗೆ 7 ಕೋಟಿ 59 ಲಕ್ಷವನ್ನು ಮುಟ್ಟಿತು. ಕೆಟ್ಟ ಅಂಕಿಯನ್ನು ಕಂಡು ತೀರ್ಪು ಕೊಟ್ಟವರು ಸೋತರು. ಅದರಿಂದ ಪಾಠ ಕಲಿತವರು ಗೆದ್ದರು.

ಇಷ್ಟೆಲ್ಲ ಜಪಾನು, ಅಮೇರಿಕೆಗಳ ಮಾತಾಯಿತು. ನಮಗೇನು ಸಂಬಂಧ? ಬಹಳ ಸಂಬಂಧವಿದೆ ಎಂದು ನಾವು ಭಾವಿಸುತ್ತೇವೆ.

ನಮ್ಮ ಭಾಗದ ಉಳ್ಳಾಗಡ್ಡಿ ಸೊಲ್ಲಾಪುರದ ಬಾಜಾರ ಸಮಿತಿಗೆ ಹೋಗುತ್ತದೆ. "ಇಂದು ಉಳ್ಳಾಗಡ್ಡಿಗೆ ಇಷ್ಟು ದರ" ಎಂದು ಬಾಯಿಂದ ಬಾಯಿಗೆ ಹಬ್ಬುವ ಅಂಕಿ ಬಹುಶಃ ಆ ದಿನದ ಗರಿಷ್ಠ ದರ. ಅದು ಅತ್ಯುತ್ತಮವಾದ ಕೆಲವೇ ಚೀಲಗಳಿಗೆ ಸಿಕ್ಕಿರಬಹುದು. ಬಾಜಾರ ವರದಿಯಲ್ಲಿ ಕನಿಷ್ಠ ದರವೂ ಇರುತ್ತದೆ, ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೆಂಬುದೂ ಇರುತ್ತದೆ, ಆವಕ ಎಷ್ಟಿತ್ತೆಂಬುದೂ ಇರುತ್ತದೆ. ಹಂಗಾಮಿನ ಮೊದಲ ವಾರದ ಗರಿಷ್ಠ ದರವೊಂದನ್ನೇ ನಂಬಿ ಸಾಲ ಮಾಡಿ ಬೀಜ ತಂದವನ ಮಾಲು ಸಂತೆಗೆ ಬರುವ ಹೊತ್ತಿಗೆ, ಅದೇ ಅಂಕಿಯನ್ನು ನಂಬಿದ ಸಾವಿರಾರು ಜನರ ಮಾಲೂ ಬಂದಿರುತ್ತದೆ. ಎಂಟನೆಯ ಇಯತ್ತೆಯಲ್ಲಿ ಓದುವ ಮಗನೋ ಮಗಳೋ ಆ ವರದಿಯ ಎಲ್ಲ ಅಂಕಣಗಳನ್ನು ತಂದೆಗೆ ಓದಿ ಹೇಳಿದರೆ, ಶಾಲೆಯಲ್ಲಿ ಕಲಿತ ಗಣಿತ ಹೊಲಕ್ಕೆ ನೀರು ಹಾಯಿಸಿದಂತೆಯೇ ಸರಿ.

ಮನೆಯಲ್ಲಿಯೂ ಇದೇ ವಿವೇಕ ಬೇಕು. ಪಾಲಕರೇ, ಮೊದಲನೆಯ ಘಟಕ ಪರೀಕ್ಷೆಯ ಅಂಕಗಳನ್ನು ಕಂಡ ಕೂಡಲೇ "ಇವನ ಹಣೆಬರಹವೇ ಇಷ್ಟು" ಎಂದು ಮಗುವಿನ ಎದುರಿಗೆ ಹೇಳಬೇಡಿರಿ. ಯಾವ ವಿಷಯದಲ್ಲಿ ಕಡಿಮೆ, ಏಕೆ ಕಡಿಮೆ, ಎರಡನೆಯ ಪರೀಕ್ಷೆಯಲ್ಲಿ ಏರಿತೋ ಇಳಿಯಿತೋ ಎಂದು ಗುರುಗಳನ್ನು ಕೇಳಿರಿ. ವಿದ್ಯಾರ್ಥಿಗಳೇ, "ಎಲ್ಲರೂ ಕೊಂಡಿದ್ದಾರೆ, ದಾಖಲೆ ಮಾರಾಟವಾಗಿದೆ" ಎಂಬ ಜಾಹೀರಾತನ್ನು ತೋರಿಸಿ ತಂದೆ-ತಾಯಿಗಳನ್ನು ಪೀಡಿಸುವ ಮೊದಲು ಮೇಲಿನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಸುಮಾರು ಐವತ್ತು ಸಾವಿರ ರೂಪಾಯಿಯ ಆಟದ ಯಂತ್ರವೆಂದರೆ ನಮ್ಮಲ್ಲಿಯ ಎಷ್ಟೋ ಸಂಸಾರಗಳಿಗೆ ಹಲವು ತಿಂಗಳುಗಳ ದುಡಿಮೆ. ಆಟ ಬೇಡವೆಂದು ನಾವು ಹೇಳುವುದಿಲ್ಲ; ಆದರೆ ಬೇರೆಯವರ ಅವಸರಕ್ಕಾಗಿ ನಮ್ಮ ಬೆವರಿನ ಹಣ ಖರ್ಚಾಗಬಾರದು.

ಕೊನೆಯದಾಗಿ ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರದ ಮಾತೊಂದಿದೆ. ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಶಾಲೆಗಳು ತೆರೆದಾಗ ಪಟಸಂಖ್ಯೆಯನ್ನು ನೋಡಿ "ಇಲ್ಲಿ ಇನ್ನು ಕನ್ನಡ ಶಾಲೆಗಳ ಕಾಲ ಮುಗಿಯಿತು" ಎನ್ನುವವರು ನಮ್ಮ ಗಡಿನಾಡಿನಲ್ಲಿ ಇದ್ದಾರೆ. ಅವರಿಗೂ ನಾವು ಅದೇ ಪ್ರಶ್ನೆಗಳನ್ನು ಕೇಳುತ್ತೇವೆ. ಊರಿನಲ್ಲಿ ಆ ವಯಸ್ಸಿನ ಮಕ್ಕಳು ಒಟ್ಟು ಎಷ್ಟು ಜನ? ಬೇರೆ ಶಾಲೆಗೆ ಹೋದವರಲ್ಲಿ ಮರಳಿ ಬಂದವರು ಎಷ್ಟು? ಐದನೆಯ ಇಯತ್ತೆಗೆ ಸೇರಿದವರಲ್ಲಿ ಹತ್ತನೆಯದನ್ನು ಮುಗಿಸಿದವರು ಎಷ್ಟು? ಇವನ್ನೆಲ್ಲ ಕೇಳದೆ ಜೂನ್ ತಿಂಗಳಿನ ಒಂದು ಅಂಕಿಯಿಂದ ಭಾಷೆಯೊಂದರ ಭವಿಷ್ಯವನ್ನು ಬರೆಯಬಾರದು. ಹಾಗೆಂದು ಕಡಿಮೆಯಾದ ಅಂಕಿಗೆ ಕಣ್ಣು ಮುಚ್ಚಿಕೊಳ್ಳುವುದೂ ತಪ್ಪು. ಅದು ನಮಗೆ ಬಂದ ಎಚ್ಚರಿಕೆ. ಒಳ್ಳೆಯ ಪಾಠ, ಒಳ್ಳೆಯ ವಾಚನಾಲಯ, ಕನ್ನಡದ ಜೊತೆಗೆ ಮರಾಠಿ ಮತ್ತು ಇಂಗ್ಲೀಷುಗಳ ಗಟ್ಟಿ ಅಭ್ಯಾಸ, ಇವನ್ನು ಶಾಲೆ ಕೊಡಬೇಕು. ಮನೆಯ ಮಾತಿನ ಶಾಲೆಗೆ ಮಕ್ಕಳನ್ನು ಕಳಿಸುವ ಧೈರ್ಯವನ್ನು ಪಾಲಕರು ತೋರಬೇಕು. ಬೆಲೆ ಇಳಿಸಿ, ಹೊಸ ಆಟಗಳನ್ನು ಕೊಟ್ಟು ಒಂದು ಆಟಿಗೆಯನ್ನೇ ಉಳಿಸಿಕೊಳ್ಳಬಹುದಾದರೆ, ದುಡಿದು ಒಂದು ಶಾಲೆಯನ್ನು ಉಳಿಸಿಕೊಳ್ಳಲಾಗದೇ?

ಅಂಕಿಗಳಿಗೆ ಅಂಜುವುದೂ ಬೇಡ, ಮರುಳಾಗುವುದೂ ಬೇಡ. ಯಾರು ಎಣಿಸಿದರು, ಏನನ್ನು ಎಣಿಸಿದರು, ಎಷ್ಟು ದಿನ ಎಣಿಸಿದರು ಎಂದು ವಿನಯದಿಂದ, ಆದರೆ ತಪ್ಪದೆ ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಈ ಶಾಲೆಯಿಂದ ಹೊರಡುವಾಗ ಜೊತೆಗೆ ಒಯ್ಯಲಿ ಎಂಬುದೇ ನಮ್ಮ ಹಾರೈಕೆ.